ಲ್ಯಾಮಿನೇಷನ್ ಆದ ಭರವಸೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚಪ್ಪಲಿ ಅಂಗಡಿಗಳ ಮುಂದೆ ಹಾದುಹೋಗುವಾಗ ಒಂದು ವಾಸನೆ ಬರುತ್ತದೆ. ಹೊಸ ರಬ್ಬರು, ಅಂಟು, ರಟ್ಟಿನ ಡಬ್ಬ ಮೂರೂ ಸೇರಿದ ವಾಸನೆ. ಅದು ಮೂಗಿಗೆ ಬಿದ್ದ ಕೂಡಲೇ ನನ್ನ ಅಂಗಾಲು ಜುಮ್ಮೆನ್ನುತ್ತದೆ. ಮೊನ್ನೆ ಹೀಗೇ ನಿಂತುಬಿಟ್ಟಾಗ ಅಂಗಡಿಯವನು, "ಬನ್ನಿ ಮೇಡಂ, ಯಾವ ಸೈಜು?" ಎಂದು ಕರೆದ. "ಸೈಜು ಆರು. ಆದರೆ ನನ್ನ ಜೋಡಿ ಭದ್ರಾವತಿಯಲ್ಲಿದೆ" ಎಂದೆ. ಇವಳ ಜೊತೆ ಮಾತು ಬೆಳೆಸಿ ಉಪಯೋಗವಿಲ್ಲ ಎಂದುಕೊಂಡು ಅವನು ಒಳಗೆ ಹೋದ. ಅವನದೇನೂ ತಪ್ಪಿಲ್ಲ. ಆ ಜೋಡಿಯ ವಿಷಯ ಗೊತ್ತಿರುವವರು ಭದ್ರಾವತಿಯ ಬಾವಿಕಟ್ಟೆ ಬೀದಿಯಲ್ಲಿ ಮಾತ್ರ ಇದ್ದಾರೆ.

ಕೆಲವು ವರ್ಷಗಳ ಹಿಂದೆ ಆ ಬೀದಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಷನ್ ಯಂತ್ರ, ಮೂರನ್ನೂ ಒಟ್ಟಿಗೆ ಹಾಕಿದರೆ ಹಾರಿಹೋಗುವ ಒಂದು ಫ್ಯೂಸು. ಮದುವೆಯ ಕರೆಯೋಲೆ, ಶ್ರದ್ಧಾಂಜಲಿಯ ಕಾರ್ಡು, ಗೃಹಪ್ರವೇಶ, ನಾಮಕರಣ, ಹೀಗೆ ಊರಿನ ಸುಖದುಃಖವೆಲ್ಲ ಮೊದಲು ನನ್ನ ಪರದೆಯ ಮೇಲೆ ಮೂಡಿ ಆಮೇಲೆ ಊರಿಗೆ ಗೊತ್ತಾಗುತ್ತಿತ್ತು. ಎದುರಿಗೇ ಸಿತಾರಾ ಫುಟ್‌ವೇರ್. ಅದರ ಯಜಮಾನರು ಬಷೀರಣ್ಣ. ಯಾರ ಮುಖವನ್ನೂ ನೋಡದೆ ಬರೀ ಪಾದ ನೋಡಿ "ಏನ್ ಸಮಾಚಾರ ಪುಟ್ಟಸ್ವಾಮಿ" ಎನ್ನುವಷ್ಟು ಪಳಗಿದವರು. ಅಂಗಡಿಯನ್ನು ನಿಜವಾಗಿ ನಡೆಸುತ್ತಿದ್ದದ್ದು ಅವರ ಹೆಂಡತಿ ಶಾಹಿದಾ ಭಾಭಿ. ಬಷೀರಣ್ಣನ ಕೆಲಸ ಸ್ಟೂಲಿನ ಮೇಲೆ ಕೂತು ಊರಿನ ಕಷ್ಟಕ್ಕೆಲ್ಲ ಪರಿಹಾರ ಹೇಳುವುದು. ಹಾಗೆ ಹೇಳುತ್ತ ಹೇಳುತ್ತ ಒಂದು ಬೇಸಿಗೆಯಲ್ಲಿ ನಗರಸಭೆಯ ಚುನಾವಣೆಗೆ ಪಕ್ಷೇತರರಾಗಿ ನಿಂತೇಬಿಟ್ಟರು. ಚಪ್ಪಲಿಯನ್ನೇ ಚಿಹ್ನೆಯಾಗಿ ಕೇಳಬೇಕು ಅಂತಿದ್ದರಂತೆ. "ಎಸೆಯೋರಿಗೆ ನಾವೇ ನೆಪ ಕೊಟ್ಟಂಗಾಗುತ್ತೆ" ಎಂದು ಭಾಭಿ ತಡೆದದ್ದರಿಂದ ಸೀಲಿಂಗ್ ಫ್ಯಾನಿಗೆ ಒಪ್ಪಿಕೊಂಡಿದ್ದರು.

ಪ್ರಣಾಳಿಕೆಯನ್ನು ಅವರು ಬರೆದು ತಂದದ್ದು ಶೂ ಡಬ್ಬದ ಮುಚ್ಚಳದ ಹಿಂಭಾಗದಲ್ಲಿ. ಒಟ್ಟು ಒಂಬತ್ತು ಭರವಸೆ. ಕಾಂಕ್ರೀಟ್ ರಸ್ತೆ, ಬೀದಿದೀಪ, ಬೆಳಗಿನ ಹೊತ್ತು ನಲ್ಲಿ ನೀರು, ಕಸದ ಗಾಡಿ, ಬಸ್ ನಿಲ್ಲುವಲ್ಲಿ ಒಂದು ಸೂರು, ಬಾವಿಕಟ್ಟೆಗೆ ಜಾಲರಿ, ಬೀದಿನಾಯಿಗಳಿಗೆ ಒಂದು ವ್ಯವಸ್ಥೆ, ಚರಂಡಿಯ ಮೇಲೆ ಕಲ್ಲುಚಪ್ಪಡಿ. ಇವಿಷ್ಟೂ ಸರಿಯೇ. ಒಂಬತ್ತನೆಯದು: ಊರಿನ ಮುಚ್ಚಿದ ಉಕ್ಕಿನ ಕಾರ್ಖಾನೆಯನ್ನು ಮತ್ತೆ ತೆರೆಸುತ್ತೇನೆ.

"ಬಷೀರಣ್ಣ, ವಾರ್ಡ್ ಮೆಂಬರ್ ಕೈಲಿ ಕಾರ್ಖಾನೆ ತೆರೆಸೋಕಾಗುತ್ತಾ?" ಎಂದು ಕೇಳಿದೆ.

"ಭದ್ರಾವತೀಲಿ ಆ ಸಾಲು ಇಲ್ಲ ಅಂದ್ರೆ ಬಾಕಿ ಎಂಟೂ ಓದಲ್ಲ ಜನ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಅದು. ಹಾಕು ಮಾರಾಯ್ತಿ" ಎಂದರು. ಅದೂ ನಿಜ. ನಾನು ಅಂಗಡಿ ತೆರೆದಾಗಿನಿಂದ ಎಲ್ಲ ಪಕ್ಷಕ್ಕೂ, ಎಲ್ಲ ಚುನಾವಣೆಗೂ ಆ ಸಾಲನ್ನು ಟೈಪು ಮಾಡಿದ್ದೆ. ಕೊನೆಕೊನೆಗೆ ಟೈಪು ಮಾಡುವುದನ್ನೂ ಬಿಟ್ಟು, ಹಳೆಯ ಫೈಲಿನಿಂದ ಎತ್ತಿ ಅಂಟಿಸುತ್ತಿದ್ದೆ.

ತೊಂದರೆ ಶುರುವಾದದ್ದು ಪುಟ ಜೋಡಿಸುವಾಗ. ಒಂಬತ್ತು ಭರವಸೆ, ಬಷೀರಣ್ಣನ ಕೈ ಮುಗಿದ ಫೋಟೋ, ಫ್ಯಾನಿನ ಚಿತ್ರ ಎಲ್ಲ ಹಾಕಿದ ಮೇಲೂ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಉಳಿಯಿತು. ಹೀಗಾದಾಗ ನಮ್ಮ ಕೆಲಸದವರು ಸುಮ್ಮನೆ ಏನಾದರೂ ಟೈಪು ಮಾಡಿ ಜಾಗ ತುಂಬಿಸಿ, ಅಕ್ಷರ ಎಷ್ಟು ದೊಡ್ಡದು ಬೇಕು ಎಂದು ನೋಡುತ್ತೇವೆ. ಆಮೇಲೆ ಗಿರಾಕಿಯನ್ನು ಕೇಳಿ ಅಲ್ಲಿಗೆ ಸರಿಯಾದ ಮಾತು ಹಾಕುತ್ತೇವೆ. ಅಂದು ಬೆಳಿಗ್ಗೆಯಷ್ಟೇ ಬೀದಿಯ ಕೊಚ್ಚೆಯಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತುಹೋಗಿ, ಒಂದು ಕಾಲಿನದು ಚರಂಡಿಯ ಪಾಲಾಗಿತ್ತು. ಸಿತಾರಾದಲ್ಲೇ ಕೊಂಡದ್ದು, ಹದಿನೈದು ದಿನವೂ ಆಗಿರಲಿಲ್ಲ. ಆ ಸಿಟ್ಟಿನಲ್ಲಿ ಬೆರಳು ತಾನಾಗಿ ಟೈಪು ಮಾಡಿತು: "ಈ ಒಂಬತ್ತೂ ಈಡೇರುವವರೆಗೆ ನಾನು ಕಾಲಿಗೆ ಚಪ್ಪಲಿ ಹಾಕುವುದಿಲ್ಲ. ಇದು ನನ್ನ ಆಣೆ."

ಸಾಲು ಜಾಗಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ದಪ್ಪ ಅಕ್ಷರ ಮಾಡಿದೆ, ಇನ್ನೂ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದರು, ಶಿವಮೊಗ್ಗದ ಪ್ರೆಸ್ಸಿನವರು ಫೈಲು ಎಲ್ಲಿ ಎಂದು ಫೋನ್ ಮಾಡಿದರು, ಕರೆಂಟು ಹೋಯಿತು, ಯುಪಿಎಸ್ಸು ಕಿರುಚತೊಡಗಿತು. ಕಂಪ್ಯೂಟರು ಆರುವ ಮೊದಲು ಕಳಿಸಿಬಿಡಬೇಕೆಂಬ ಗಡಿಬಿಡಿಯಲ್ಲಿ ಫೈಲನ್ನು ಪ್ರೆಸ್ಸಿಗೂ ಬಷೀರಣ್ಣನ ವಾಟ್ಸಾಪಿಗೂ ಕಳಿಸಿದೆ. ಪ್ರಚಾರದಲ್ಲಿದ್ದ ಬಷೀರಣ್ಣ ತೆರೆದೂ ನೋಡದೆ ಸರಿ ಎಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಎರಡೇ ದಿನಕ್ಕೆ ಕರಪತ್ರ ಮನೆಮನೆಗೆ ಹೋಯಿತು.

ಆ ಸಾಲು ಹಾಗೇ ಉಳಿದು ಅಚ್ಚಾಗಿದೆ ಎಂದು ನನಗೆ ಗೊತ್ತಾದದ್ದು ಮತದಾನದ ಹಿಂದಿನ ದಿನ, ಅದೂ ರಾಜಮ್ಮ ಟೀಚರಿಂದ. ಅವರ ತಂದೆ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಗಂಡನೂ ಅದೇ ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ತೀರಿಕೊಂಡವರು. ಟೀಚರು ಬೀದಿಯ ಅರ್ಧ ಜನಕ್ಕೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಬಷೀರಣ್ಣನಿಗೂ. ಅವರು ನನ್ನ ಮೇಜಿನ ಮೇಲೆ ಆ ಕರಪತ್ರ ಇಟ್ಟು, "ಸುಮಾ, ಇದಕ್ಕೊಂದು ಲ್ಯಾಮಿನೇಷನ್ ಮಾಡಿಕೊಡಮ್ಮ" ಎಂದರು.

"ಕರಪತ್ರಕ್ಕೆ ಯಾರು ಟೀಚರ್ ಲ್ಯಾಮಿನೇಷನ್ ಮಾಡಿಸ್ತಾರೆ?"

"ಬರೀ ಭರವಸೆ ಆಗಿದ್ರೆ ಮಾಡಿಸ್ತಿರ್ಲಿಲ್ಲ. ಆಣೆ ಅಂತ ಬರೆದಿದಾನಲ್ಲ, ಕೆಳಗಡೆ ನೋಡು. ನಾನಂತೂ ಆ ಸಾಲು ನೋಡೇ ಅವನಿಗೆ ಹಾಕೋದು ಅಂತ ಮಾಡಿದೀನಿ."

ಕೆಳಗಡೆ ನೋಡಿದೆ. ನಾನು ಟೈಪು ಮಾಡಿದ್ದ ಸಾಲು ದಪ್ಪ ಅಕ್ಷರದಲ್ಲಿ ಹಾಗೇ ಕೂತಿತ್ತು. ಆಗಲೇ ರಸ್ತೆ ದಾಟಿ ಬಷೀರಣ್ಣನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಹೇಗೂ ಸೋಲುತ್ತಾರೆ, ಸೋತವರ ಕರಪತ್ರ ಯಾರಿಗೆ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಲ್ಯಾಮಿನೇಷನ್ ಯಂತ್ರದ ಸ್ವಿಚ್ಚು ಹಾಕಿದೆ. ನನ್ನ ತಪ್ಪಿಗೆ ನಾನೇ ಪ್ಲಾಸ್ಟಿಕ್ ಹೊದಿಸಿ, ಅಂಚು ಕತ್ತರಿಸಿ, ಬಿಸಿಬಿಸಿಯಾಗಿ ಟೀಚರ ಕೈಗೆ ಕೊಟ್ಟೆ.

ಇತ್ತ ಬಷೀರಣ್ಣನಿಗೆ ಕೊನೆಯ ಎರಡು ದಿನ ಒಂದು ವಿಚಿತ್ರ ಕಂಡಿತ್ತು. ಹೋದಲ್ಲೆಲ್ಲ ಜನ ಅವರ ಪಾದ ನೋಡಿ ಮುಗುಳ್ನಗುತ್ತಿದ್ದರು. "ನನ್ನ ಹೊಸ ಶೂ ಎಲ್ಲರ ಕಣ್ಣಿಗೂ ಬಿದ್ದಿದೆ. ಆ ಮಾಡೆಲ್ ಇನ್ನೊಂದು ಡಜನ್ ತರಿಸಿಡು" ಎಂದು ಭಾಭಿಗೆ ಹೇಳಿದ್ದರಂತೆ.

ಅವರು ಗೆದ್ದುಬಿಟ್ಟರು. ಬರೀ ಹನ್ನೊಂದು ಓಟಿನಿಂದ.

ಮೆರವಣಿಗೆ ಬಾವಿಕಟ್ಟೆಯ ಹತ್ತಿರ ಬಂದಾಗ ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಬಷೀರಣ್ಣ ತೆರೆದ ಜೀಪಿನಲ್ಲಿ ಕೊರಳ ತುಂಬ ಹಾರ, ಕಾಲಲ್ಲಿ ಮಿರಿಮಿರಿ ಶೂ. ರಾಜಮ್ಮ ಟೀಚರು ಜೀಪಿಗೆ ಅಡ್ಡ ನಿಂತರು. ಬಷೀರಣ್ಣ ಅಭ್ಯಾಸಬಲದಿಂದ ಕೆಳಗಿಳಿದು ಕೈಕಟ್ಟಿ ನಿಂತರು. ಟೀಚರು ಚೀಲದಿಂದ ಲ್ಯಾಮಿನೇಷನ್ ಆದ ಕಾಗದ ತೆಗೆದು, "ಕೊನೇ ಸಾಲು ಓದಪ್ಪ, ಗಟ್ಟಿಯಾಗಿ" ಎಂದರು. ಬಷೀರಣ್ಣ ಓದಿದರು. ಅವರು ತಮ್ಮ ಅಚ್ಚಾದ ಪ್ರಣಾಳಿಕೆಯನ್ನು ಓದಿದ್ದು ಅದೇ ಮೊದಲ ಸಲ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಓದಿ ಮುಗಿಸಿ ಸುತ್ತ ನೋಡಿದರು. ನಾನು ಆಕಾಶ ನೋಡಿದೆ. ಅವರು ಬಗ್ಗಿ ಲೇಸು ಬಿಚ್ಚಿದರು. ಶಿಳ್ಳೆ, ಚಪ್ಪಾಳೆ, ಪಟಾಕಿ ಎಲ್ಲ ಒಟ್ಟಿಗೇ ಹಾರಿದವು. ಕಾದ ಡಾಂಬರಿನ ಮೇಲೆ ನಮ್ಮ ನೂತನ ಮೆಂಬರು ಇಟ್ಟ ಮೊದಲ ಹೆಜ್ಜೆಗಳು ಕುಣಿತದ ಹಾಗಿದ್ದವು. ಜನ ಅದನ್ನು ವಿಜಯೋತ್ಸವ ಎಂದುಕೊಂಡು ಜೊತೆಗೆ ಕುಣಿದರು.

ಮರುದಿನ ಬೆಳಿಗ್ಗೆ ಬರಿಗಾಲಲ್ಲಿ ನನ್ನ ಅಂಗಡಿಗೆ ಬಂದರು. "ಸುಮಾ, ಆ ಸಾಲು ನಾನು ಹೇಳಿದ್ನಾ?"

"ನೀವೇ ಹೇಳಿದ್ರಿ ಬಷೀರಣ್ಣ. ಮುಚ್ಚಳ ಕೊಟ್ಟು ಹೋಗುವಾಗ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಹೇಳಿರ್ತೀನಿ ಬಿಡು. ಆವಾಗ ತಲೆ ನೆಟ್ಟಗಿರ್ಲಿಲ್ಲ" ಎಂದು ತಲೆ ಕೆರೆದುಕೊಂಡು ಹೋದರು.

ಒಂದು ವಾರದೊಳಗೆ ಆ ಸಾಲು ಅವರದೇ ಆಗಿಹೋಯಿತು. ಯಾರಾದರೂ ಕೇಳಿದರೆ, "ಗಾಜನೂರು ಡ್ಯಾಮಿನ ಹತ್ರ ನೀರು ನೋಡ್ತಾ ನಿಂತಿದ್ದೆ. ಥಟ್ಟಂತ ಹೊಳೀತು" ಎನ್ನುತ್ತಿದ್ದರು. ಇನ್ನೊಂದು ವಾರ ಕಳೆಯುವಷ್ಟರಲ್ಲಿ ಆ ಕಥೆಗೆ ಪಕ್ಕದ ಸಕ್ರೆಬೈಲಿನ ಬಿಡಾರದ ಒಂದು ಆನೆಯೂ ಬಂದು ಸೇರಿಕೊಂಡಿತು. ಅಷ್ಟು ದೊಡ್ಡ ಪ್ರಾಣಿ ಬರಿಗಾಲಲ್ಲೇ ನಡೆಯುತ್ತದಲ್ಲ ಎಂದು ಅವರಿಗೆ ಅನ್ನಿಸಿತ್ತಂತೆ. ನಾನು ಎದುರಿನ ಅಂಗಡಿಯಲ್ಲಿ ಕೂತು ಕೀಬೋರ್ಡು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಕಷ್ಟಕ್ಕೆ ಸಿಕ್ಕಿದ್ದು ಭಾಭಿಯ ವ್ಯಾಪಾರ. ಚಪ್ಪಲಿ ಅಂಗಡಿಯ ಯಜಮಾನನೇ ಚಪ್ಪಲಿ ಹಾಕುವುದಿಲ್ಲ ಎಂದರೆ ಗಿರಾಕಿಗೆ ಅನುಮಾನ ಬರದೆ ಇರುತ್ತದೆಯೇ? "ಏನಮ್ಮ, ಮಾಲು ಸರಿ ಇಲ್ವಾ?" ಎಂದು ಕೇಳಿದವರಿದ್ದರು. ಕೊನೆಗೆ ಭಾಭಿ ನನ್ನಿಂದಲೇ ಒಂದು ಬೋರ್ಡು ಮಾಡಿಸಿದರು: "ಯಜಮಾನರ ಆಣೆ ಬೇರೆ, ಮಾಲಿನ ಗುಣ ಬೇರೆ." ನಾನು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಭಾಭಿ ನನ್ನನ್ನು ಒಳ್ಳೆಯವಳು ಎಂದರು.

ಆದರೆ ಬರಿಗಾಲಿಗೆ ಒಂದು ಶಕ್ತಿಯಿತ್ತು. ನಗರಸಭೆಯಲ್ಲಿ ಬೇರೆ ಮೆಂಬರುಗಳು ಮೇಜು ಗುದ್ದಿ ಕೂಗಾಡಿದರೂ ಅಲ್ಲಾಡದ ಫೈಲು, ಬಷೀರಣ್ಣ ಸುಮ್ಮನೆ ಹೋಗಿ ಇಂಜಿನಿಯರ ಎದುರು ನಿಂತರೆ ಅಲ್ಲಾಡುತ್ತಿತ್ತು. ಇಂಜಿನಿಯರು ಮೊದಲು ಅವರ ಪಾದ ನೋಡುತ್ತಿದ್ದರು, ಆಮೇಲೆ ಮೇಜಿನ ಕೆಳಗೆ ತಮ್ಮ ಬೂಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು, ಆಮೇಲೆ ಪೆನ್ನು ಹುಡುಕುತ್ತಿದ್ದರು. ಮೇ ತಿಂಗಳಲ್ಲಿ ಬೀದಿದೀಪ ಬಂತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕಸದ ಗಾಡಿ ದಿನಾ ಹಾಡು ಹಾಕಿಕೊಂಡು ಬರತೊಡಗಿತು. ಒಂದೊಂದು ಕೆಲಸ ಆದಾಗಲೂ ರಾಜಮ್ಮ ಟೀಚರು ತಮ್ಮ ಕಾಗದದ ಮೇಲೆ ಗುರುತು ಹಾಕಲು ಹೋಗುತ್ತಿದ್ದರು. ಲ್ಯಾಮಿನೇಷನ್ ಮೇಲೆ ಪೆನ್ನು ಓಡುವುದಿಲ್ಲವಲ್ಲ, ಶಾಯಿ ಜಾರಿಹೋಗುತ್ತಿತ್ತು. ಅದಕ್ಕೆ ಅವರು ಹಣೆಗಿಡುವ ಕೆಂಪು ಸ್ಟಿಕ್ಕರ್ ಬೊಟ್ಟು ತಂದು, ಈಡೇರಿದ ಭರವಸೆಯ ಪಕ್ಕ ಒಂದೊಂದಾಗಿ ಅಂಟಿಸಿದರು. ಬೀದಿಯ ಹೆಂಗಸರು ಸಂಜೆ ಅವರ ಮನೆಗೆ ಬೊಟ್ಟು ಎಣಿಸಲು ಹೋಗುವುದು ಒಂದು ರೂಢಿಯೇ ಆಯಿತು.

ಮಳೆಗಾಲದ ಮೊದಲು ಕಾಂಕ್ರೀಟ್ ರಸ್ತೆಯ ಅನುದಾನಕ್ಕೆಂದು ಬಷೀರಣ್ಣ ಶಿವಮೊಗ್ಗದ ಒಬ್ಬ ದೊಡ್ಡ ನಾಯಕರ ಮನೆಗೆ ಹೋದರು. ಮನವಿ ಟೈಪು ಮಾಡಿದವಳೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾಯಕರ ಹೆಸರು ಬೇಡ. ಬಾಗಿಲ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಮನೆ. ಹಾಗಾಗಿ ಬಷೀರಣ್ಣನ ವಿಶೇಷ ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಅವರೇ ಬಾಯಿಬಿಟ್ಟು ಹೇಳಬೇಕಾಯಿತು. ನಾಯಕರು ಹೊಟ್ಟೆ ಕುಲುಕಿಸಿ ನಕ್ಕರು.

"ಅಲ್ಲ ಮಾರಾಯ, ಪ್ರಣಾಳಿಕೆ ಅಂದ್ರೆ ಮದುವೆ ಕರೆಯೋಲೆ ಇದ್ದ ಹಾಗೆ. ಜನ ಬರಲಿ ಅಂತ ಅಚ್ಚು ಹಾಕಿಸೋದು. ಮದುವೆ ಆದ್ಮೇಲೆ ಅದನ್ನ ಯಾರು ಇಟ್ಕೋತಾರೆ? ಚಪ್ಪಲಿ ಹಾಕ್ಕೋ, ಕಾಲು ಹಾಳು ಮಾಡ್ಕೋಬೇಡ."

ವಾಪಸು ಬರುವಾಗ ಬಸ್ಸಿನ ಗದ್ದಲದಲ್ಲಿ ಯಾರೋ ಬಷೀರಣ್ಣನ ಹೆಬ್ಬೆರಳು ತುಳಿದರು. ಊರಿಗೆ ಬಂದು ರಾಜಮ್ಮ ಟೀಚರಿಗೆ ನಡೆದದ್ದನ್ನು ಹೇಳಿದರು. ಟೀಚರು ಅಕ್ಕಿ ಆರಿಸುತ್ತ ಕೇಳಿಸಿಕೊಂಡು, "ಮದುವೆ ಆದ್ಮೇಲೆ ಕರೆಯೋಲೆ ಮಡಚಿಡ್ತಾರೆ, ಸರಿ. ಗಂಡನ್ನೂ ಮಡಚಿಡ್ತಾರಾ?" ಎಂದರು. ಬಷೀರಣ್ಣನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅದನ್ನೇ ನಾಯಕರಿಗೆ ಫೋನಿನಲ್ಲಿ ಹೇಳಿಬಿಟ್ಟರು. ನಾಯಕರಿಗೂ ಹಿಡಿಸಿರಬೇಕು. ತಾವೇ ಹುಟ್ಟಿಸಿದ ಮಾತೆಂಬಂತೆ ಒಂದು ಭಾಷಣದಲ್ಲಿ ಹೇಳಿದರು, ಚಪ್ಪಾಳೆ ಬಿತ್ತು, ರಸ್ತೆಯ ಅನುದಾನವೂ ಬಂತು.

ಆಮೇಲೆ ಮಳೆ ಹಿಡಿಯಿತು. ಭದ್ರಾ ನದಿ ಹಳೆಯ ಸೇತುವೆಯ ಕಮಾನು ಮುಟ್ಟಿಕೊಂಡು ಕೆಂಪಗೆ ಹರಿಯುತ್ತಿತ್ತು. ಬಷೀರಣ್ಣ ಪ್ಯಾಂಟು ಮಡಚಿ, ಕೊಡೆ ಹಿಡಿದು, ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತ ಬೀದಿಯಲ್ಲಿ ಓಡಾಡುತ್ತಿದ್ದರು. ಹಾಗೆ ನೋಡಿ ನಡೆದದ್ದರಿಂದಲೇ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಪೈಪು ಸೋರುತ್ತದೆ ಎಂಬುದು ಅವರಿಗೆ ಕಂಟ್ರಾಕ್ಟರನಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮಾತ್ರ ಅವರು ರಸ್ತೆಗಿಳಿದಾಗಲೆಲ್ಲ ಕೆಲಸ ಬಿಟ್ಟು ಅವರ ಪಾದವನ್ನೇ ನೋಡುತ್ತಿದ್ದೆ. ಅವರಿಗೆ ಶುಗರ್ ಇತ್ತು. ಚಹಾಕ್ಕೆ ಸಕ್ಕರೆ ಬೇಡ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹಿಂದಿನ ಬಾಗಿಲಿನಿಂದ ಜಿಲೇಬಿ ತರಿಸುವ ಜಾತಿಯ ಶುಗರ್ ಅವರದು. "ಅವರ ಕಾಲಿಗೆ ಒಂದು ಮುಳ್ಳು ಚುಚ್ಚಿದ್ರೆ ಸಾಕು ಸುಮಾ, ಡಾಕ್ಟರು ಹೇಳಿದಾರೆ" ಎಂದು ಭಾಭಿ ಅನ್ನುತ್ತಲೇ ಇದ್ದರು.

ದಸರಾ ಮುಗಿದ ಮೇಲೆ ಎಂಟನೆಯ ಕೆಲಸವೂ ಆಯಿತು. ಚರಂಡಿಗೆ ಉದ್ದಕ್ಕೂ ಚಪ್ಪಡಿ ಬಂತು. ಉದ್ಘಾಟನೆಗೆ ರಿಬ್ಬನ್ನು ಕತ್ತರಿಸಿ, ಬಷೀರಣ್ಣ ಹೆಮ್ಮೆಯಿಂದ ಮೊದಲನೆಯ ಚಪ್ಪಡಿಯ ಮೇಲೆ ಕಾಲಿಟ್ಟರು. ಕಂಟ್ರಾಕ್ಟರ್ ಕತ್ತರಿಸದೆ ಬಿಟ್ಟಿದ್ದ ಕಬ್ಬಿಣದ ಕಂಬಿಯ ತುದಿ ಅಂಗಾಲಿಗೆ ಸರ್ರನೆ ಹೊಕ್ಕಿತು. ಅವರು ಈಡೇರಿಸಿದ ಭರವಸೆಯೇ ಅವರಿಗೆ ಚುಚ್ಚಿತು.

ಗಾಯ ಮೂರು ದಿನಕ್ಕೆ ಕೀವು ಕಟ್ಟಿತು. ಆಸ್ಪತ್ರೆಗೆ ಸೇರಿಸಿದರು. ಭಾಭಿ ನನ್ನ ಅಂಗಡಿಗೆ ಡಿಸ್ಚಾರ್ಜಿಗೆ ಬೇಕಾದ ಯಾವುದೋ ಜೆರಾಕ್ಸಿಗೆಂದು ಬಂದು, ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. "ಈ ಸಲ ಹೇಗೋ ಉಳೀತು. ಇನ್ನೊಂದ್ಸಲ ಆದ್ರೆ ಪಾದಾನೇ ತೆಗೀಬೇಕಾಗುತ್ತೆ ಅಂದ್ರು. ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ ಕಣೇ. ಒಂಬತ್ತನೇದು ಬಾಕಿ ಇದೆ ಅಂತಾರೆ. ಆ ಕಾರ್ಖಾನೆ ಯಾವತ್ತು ತೆರೀಬೇಕು, ಇವರು ಯಾವತ್ತು ಚಪ್ಪಲಿ ಹಾಕಬೇಕು? ಹಾಳಾದ ಆ ಸಾಲು ಇವರಿಗೆ ಎಲ್ಲಿಂದ ಹೊಳೀತೋ."

ಅಂಗಡಿಗೆ ಬೀಗ ಹಾಕಿ ಭಾಭಿಯ ಜೊತೆಗೇ ಆಸ್ಪತ್ರೆಗೆ ಹೋದೆ. ಬಷೀರಣ್ಣ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಪಕ್ಕದ ಹಾಸಿಗೆಯವರಿಗೆ ಗಾಜನೂರಿನ ಕಥೆ ಹೇಳುತ್ತಿದ್ದರು. ಆನೆಯ ಜಾಗದವರೆಗೆ ಬಂದಿತ್ತು. ನಾನು ಮಧ್ಯದಲ್ಲೇ ಬಾಯಿ ಹಾಕಿ ಎಲ್ಲ ಹೇಳಿಬಿಟ್ಟೆ. ಎರಡು ಬೆರಳು ಜಾಗ, ಕಿತ್ತ ಬಾರು, ಯುಪಿಎಸ್ಸು, ಲ್ಯಾಮಿನೇಷನ್ನು, ಮರುದಿನದ ಸುಳ್ಳು, ಒಂದನ್ನೂ ಬಿಡಲಿಲ್ಲ.

ಭಾಭಿ ನನ್ನ ಮುಖ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದರು. ಬಷೀರಣ್ಣ, "ಹಾಗಾದ್ರೆ ಆ ಆನೆ?" ಎಂದರು.

"ಅದು ನೀವೇ ಸೇರಿಸಿದ್ದು."

"ಹ್ಞೂಂ" ಎಂದು ಬ್ಯಾಂಡೇಜು ನೋಡಿಕೊಂಡರು. ಸಿಟ್ಟು ಬಂದಿತ್ತು, ಅದು ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. "ನೀನು ಮಾಡಿದ್ದು ಮಹಾ ತಪ್ಪು ಸುಮಾ. ನಿನ್ನನ್ನ ತಂಗಿ ಅಂತ ತಿಳ್ಕೊಂಡಿದ್ದೆ. ಆದ್ರೂ ಚಪ್ಪಲಿ ಹಾಕಲ್ಲ ನಾನು."

"ಯಾಕೆ? ನೀವು ಹೇಳಿದ ಮಾತೇ ಅಲ್ಲವಲ್ಲ?" ಎಂದು ಭಾಭಿ ತಿರುಗಿದರು.

"ಗೆದ್ದದ್ದು ಎಷ್ಟು ಓಟಲ್ಲಿ? ಹನ್ನೊಂದು. ರಸ್ತೆ, ದೀಪ ಅಂತ ಎಲ್ಲರೂ ಬರೆದಿದ್ರು. ಆ ಹನ್ನೊಂದು ಜನ ಈ ಸಾಲು ನೋಡಿ ಹಾಕಿದ್ದು. ಸಾಲು ನನ್ನದಲ್ಲ ಅಂದ್ರೆ ಗೆದ್ದದ್ದೂ ನಾನಲ್ಲ." ದನಿ ತಗ್ಗಿಸಿದರು. "ಮತ್ತೆ ನನ್ನ ಪ್ರಣಾಳಿಕೆ ನಾನೇ ಓದಿರ್ಲಿಲ್ಲ ಅಂತ ಬೀದೀಲಿ ಹೇಳ್ಕೊಂಡು ತಿರುಗ್ಲಾ?"

ಅವರನ್ನು ಒಪ್ಪಿಸಲು ನಮ್ಮಿಬ್ಬರಿಂದ ಆಗಲಿಲ್ಲ. ಆಗುವುದಾದರೆ ಒಬ್ಬರಿಂದಲೇ. ಭಾಭಿ ನನ್ನ ಕೈ ಹಿಡಿದು ಎಳೆದುಕೊಂಡು ನೇರ ರಾಜಮ್ಮ ಟೀಚರ ಮನೆಗೆ ಹೋದರು.

ಮರುದಿನ ಸಂಜೆ ಬಾವಿಕಟ್ಟೆಯಲ್ಲಿ ಬೀದಿಯ ಜನ ಸೇರಿದರು. ಬಷೀರಣ್ಣನನ್ನು ಆಟೋದಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಎಲ್ಲರ ಎದುರು ನಿಂತು ಮತ್ತೊಮ್ಮೆ ಎಲ್ಲ ಹೇಳಿದೆ. ಹೇಳುವಾಗ ಜನ ಬೈಯುತ್ತಾರೆ ಎಂದುಕೊಂಡಿದ್ದೆ, ನಕ್ಕರು. ಕೆಲವರು ಕಣ್ಣು ಒರೆಸಿಕೊಂಡು ನಕ್ಕರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ನಗು ನಿಂತ ಮೇಲೆ ಒಬ್ಬರು, "ಹಾಗಿದ್ರೆ ಆ ಸಾಲು ಲೆಕ್ಕಕ್ಕಿಲ್ಲ, ಬಿಡಿ" ಎಂದರು.

"ಬರೆದೋರು ಯಾರಾದ್ರೇನು, ಓದಿ ಓಟು ಹಾಕಿದೋರು ನಾವಲ್ವಾ?" ಎಂದರು ರಾಜಮ್ಮ ಟೀಚರು.

"ಸರಿ, ಒಂಬತ್ತನೇದನ್ನ ಹೊಡೆದುಹಾಕಿ. ಅದು ಹ್ಯಾಗೂ ಆಗೋದಲ್ಲ" ಎಂದು ಇನ್ನೊಬ್ಬರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಟೀಚರು ಪೆನ್ನು ಈಸಿಕೊಂಡು ಆ ಸಾಲಿನ ಮೇಲೆ ಗೀಟು ಎಳೆದೇ ನೋಡಿದರು. ಶಾಯಿ ಹನಿಹನಿಯಾಗಿ ಜಾರಿತು. ಸೆರಗಿನಿಂದ ಒರೆಸಿದರು. ಕಾಗದದ ಮೇಲೆ ಎಂಟು ಕೆಂಪು ಬೊಟ್ಟು, ಒಂಬತ್ತನೆಯದರ ಪಕ್ಕ ಬರಿದು.

"ನೋಡಿದ್ರಾ, ಆಗಲ್ಲ" ಎಂದರು. ಅವರ ದನಿ ಬದಲಾಗಿತ್ತು. "ಗೆದ್ದೋರೆಲ್ಲ ಇದನ್ನೇ ಮಾಡಿದ್ದು. ಮೊದಲು ಹೊಡೆದುಹಾಕಿದ್ದು ಈ ಸಾಲನ್ನೇ. ನಮ್ಮ ಯಜಮಾನ್ರು ಸಾಯೋವರೆಗೂ ಪ್ರತಿ ಚುನಾವಣೇಲೂ ಕಾಗದ ತಗೊಂಡು ಮೊದಲು ಇದೇ ಸಾಲು ಹುಡುಕ್ತಿದ್ರು. ಸುಳ್ಳು ಅಂತ ಅವರಿಗೂ ಗೊತ್ತಿತ್ತು. ಆದ್ರೂ ಹುಡುಕ್ತಿದ್ರು. ಹಾಗೆ ಕಾಯ್ತಾ ಹೋದೋರು ಈ ಬೀದೀಲಿ ಎಷ್ಟು ಜನ. ಇದನ್ನ ಹೊಡೆದುಹಾಕೋ ಹಕ್ಕು ನನಗಿಲ್ಲ."

ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ ಅರ್ಧ ಜನ ಆ ಕಾರ್ಖಾನೆಯಲ್ಲಿ ದುಡಿದವರು, ಉಳಿದರ್ಧ ಅಲ್ಲಿ ದುಡಿದವರ ಮಕ್ಕಳು.

"ಬಷೀರಾ" ಎಂದರು ಟೀಚರು. ಬಷೀರಣ್ಣ ಕುರ್ಚಿಯಿಂದ ಏಳಲು ಹೋದರು. "ಕೂತ್ಕೋ. ನಿನ್ನ ಪಾಲಿಂದು ಎಂಟು ಆಯ್ತು. ಡಾಕ್ಟರು ಹೇಳಿದ್ಮೇಲೆ ನನ್ನದೂ ಅದೇ ಮಾತು. ನಾಳೆಯಿಂದ ಚಪ್ಪಲಿ ಹಾಕ್ಕೋಬೇಕು. ಆದ್ರೆ ತಿಂಗಳಿಗೊಂದ್ಸಲ ಶಿವಮೊಗ್ಗಕ್ಕೆ ಹೋಗಿ ಡಿಸಿ ಆಫೀಸಲ್ಲಿ ಕಾರ್ಖಾನೆ ವಿಷಯ ಒಂದು ಅರ್ಜಿ ಕೊಟ್ಟು ಬರಬೇಕು. ತೆರೀಲಿ, ಬಿಡ್ಲಿ."

"ಕೊಟ್ಟು ಬರ್ತೀನಿ ಟೀಚರ್" ಎಂದರು ಬಷೀರಣ್ಣ, ಮೂರನೇ ಕ್ಲಾಸಿನ ದನಿಯಲ್ಲಿ. "ಆದ್ರೆ ಆ ಆಣೆ?"

ಟೀಚರು ನನ್ನ ಕಡೆ ತಿರುಗಿದರು. "ಅದನ್ನ ಇವಳು ಹೊರ್ತಾಳೆ. ಬರೆಯೋಕೆ ಕೈ ಇದ್ದೋಳಿಗೆ ನಡೆಯೋಕೆ ಕಾಲೂ ಇದೆ. ಈ ವಾರ್ಡಿನ ಗಡಿಯೊಳಗೆ ಇರೋವಷ್ಟು ಹೊತ್ತು ಸುಮಾ ಚಪ್ಪಲಿ ಹಾಕೋ ಹಾಗಿಲ್ಲ. ಆಗಬಹುದೇನಮ್ಮ?"

ಆಗಬಹುದು ಎಂದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಎದೆ ಹಗುರವಾಯಿತು. ಅಲ್ಲೇ ಚಪ್ಪಲಿ ಬಿಟ್ಟೆ. ಭಾಭಿ ಅದನ್ನು ಎತ್ತಿಕೊಂಡು, ಹಿಂದೆ ಮುಂದೆ ನೋಡಿ, "ಇದು ನಮ್ಮ ಅಂಗಡೀದಲ್ಲ" ಎಂದರು. ಬಾರು ಕಿತ್ತ ದಿನದಿಂದ ನಾನು ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದೆ. ಅದೂ ಅಂದೇ ಬಯಲಾಯಿತು.

ಅಲ್ಲಿಂದ ಮುಂದಿನ ಬೇಸಿಗೆಯವರೆಗೂ ಬಾವಿಕಟ್ಟೆ ಬೀದಿಯಲ್ಲಿ ಬರಿಗಾಲಲ್ಲಿ ಓಡಾಡಿದೆ. ಎರಡು ತಿಂಗಳಿಗೆ ಹಿಮ್ಮಡಿ ಗಟ್ಟಿಯಾಯಿತು. ಹೊಸ ಗಿರಾಕಿಗಳು ನನ್ನ ಕಾಲು ನೋಡಿ, ಅಂಗಡಿಯೊಳಗೆ ದೇವರಿರಬೇಕು ಎಂದುಕೊಂಡು ತಮ್ಮ ಚಪ್ಪಲಿಯನ್ನೂ ಹೊರಗೇ ಬಿಟ್ಟು ಬರುತ್ತಿದ್ದರು. ಆಮೇಲೆ ನನ್ನ ಗಂಡನಿಗೆ ಶಿವಮೊಗ್ಗಕ್ಕೆ ವರ್ಗವಾಗಿ ಅಂಗಡಿಯೂ ಇಲ್ಲಿಗೆ ಬಂತು. ಬರುವ ದಿನ ಬಷೀರಣ್ಣ ನನ್ನ ಜೊತೆ ವಾರ್ಡಿನ ಗಡಿಯ ಟ್ರಾನ್ಸ್‌ಫಾರ್ಮರಿನವರೆಗೆ ನಡೆದು ಬಂದು, "ಹ್ಞಾ, ಇಲ್ಲಿ ಹಾಕ್ಕೋ" ಎಂದರು. ಅಷ್ಟರಲ್ಲಿ ಅವರು ಮತ್ತೆ ನನ್ನನ್ನು ತಂಗಿ ಎನ್ನತೊಡಗಿದ್ದರು.

ಇಲ್ಲಿ ಈಗಲೂ ಚುನಾವಣೆ ಬಂದರೆ ಪ್ರಣಾಳಿಕೆಗಳು ಬರುತ್ತವೆ. ಭದ್ರಾವತಿಯ ಕಡೆಯವರಾದರೆ ಆ ಕಾರ್ಖಾನೆಯ ಸಾಲೂ ಇರುತ್ತದೆ. ಈಗ ನಾನು ಅದನ್ನು ಹಳೆಯ ಫೈಲಿನಿಂದ ಎತ್ತಿ ಅಂಟಿಸುವುದಿಲ್ಲ, ಒಂದೊಂದೇ ಅಕ್ಷರ ಟೈಪು ಮಾಡುತ್ತೇನೆ. ಮುಗಿದ ಮೇಲೆ ಅಭ್ಯರ್ಥಿಯನ್ನೇ ಕರೆಸಿ, ಗಟ್ಟಿಯಾಗಿ ಓದಿ ಸಹಿ ಹಾಕಿ ಎನ್ನುತ್ತೇನೆ. ಓದುವಾಗ ಆ ಸಾಲಿನಲ್ಲಿ ಎಲ್ಲರೂ ಸ್ವಲ್ಪ ಕೆಮ್ಮುತ್ತಾರೆ. ಹಾಗಾಗಿ ಕೆಲವರು ಪಕ್ಕದ ಡಿಟಿಪಿಗೆ ಹೋಗುತ್ತಾರೆ.

ಮೊನ್ನೆ ಗಾಂಧಿ ಬಜಾರಿನಲ್ಲಿ ಆ ವಾಸನೆ ಮೂಗಿಗೆ ಬಿದ್ದ ಮರುದಿನವೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಆಟೋ ನಿಲ್ಲಿಸಿ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಆಟೋದವನು, "ಇಲ್ಲಿ ಗುಡಿ ಎಲ್ಲಿದೆ ಮೇಡಂ?" ಎಂದು ಕೇಳಿದ. ಕಾಂಕ್ರೀಟ್ ರಸ್ತೆ ಕಾದು ಸುಡುತ್ತಿತ್ತು. ಬಷೀರಣ್ಣನೇ ಹಾಕಿಸಿದ ರಸ್ತೆ, ಯಾರನ್ನು ಬೈಯುವುದು? ಬೇಗಬೇಗ ಹೆಜ್ಜೆ ಹಾಕಿ ಸಿತಾರಾ ಸೇರಿದೆ.

ಬಷೀರಣ್ಣ ಸ್ಟೂಲಿನ ಮೇಲಿದ್ದರು. ನನ್ನ ಮುಖ ನೋಡುವ ಮೊದಲು ಕಾಲು ನೋಡಿ, "ಬಾ ಸುಮಾ" ಎಂದರು. ಈಗ ಅವರು ಮೆಂಬರಲ್ಲ. ಮುಂದಿನ ಚುನಾವಣೆಯಲ್ಲಿ ಕರಪತ್ರಕ್ಕೆ ಕಾರ್ಖಾನೆಯ ಸಾಲು ಹಾಕಲು ಒಪ್ಪದೆ, ಬರೀ ಆಗುವಂಥದ್ದನ್ನು ಬರೆದು, ಚೆನ್ನಾಗಿ ಸೋತರು. ಆದರೂ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಅರ್ಜಿ ಹಿಡಿದು ಬರುವುದನ್ನು ಬಿಟ್ಟಿಲ್ಲ. ಅರ್ಜಿ ನಾನೇ ಟೈಪು ಮಾಡುತ್ತೇನೆ.

"ಟೀಚರ್ ಹೇಗಿದಾರೆ?" ಎಂದೆ.

"ಕಣ್ಣು ಪೂರಾ ಮಂಜಾಗಿದೆ. ಆದ್ರೂ ಸಂಜೆ ಹೊತ್ತು ಆ ಕಾಗದ ತೊಡೆ ಮೇಲಿಟ್ಕೊಂಡು ಬೆರಳಲ್ಲಿ ತಡವಿ ಬೊಟ್ಟು ಎಣಿಸ್ತಾರೆ. ಎಂಟಕ್ಕೆ ಬಂದು ನಿಂತ್ಕೋತಾರೆ. ಹೋಗಿ ನೋಡ್ಕೊಂಡು ಬಾ, ಖುಷಿ ಪಡ್ತಾರೆ."

ಹೊರಡಲು ಎದ್ದಾಗ ತಡೆದರು. ಗಾಜಿನ ಬೀರುವಿನ ಮೇಲಿನ ಅರೆಯಲ್ಲಿ, ಯಾರಿಗೂ ಮಾರದೆ ಇಟ್ಟ ಒಂದು ಡಬ್ಬ ಇದೆ. ನಾನು ಚಪ್ಪಲಿ ಬಿಟ್ಟ ದಿನವೇ ಭಾಭಿ ಎತ್ತಿಟ್ಟದ್ದು, ಒಂಬತ್ತನೆಯ ಬೊಟ್ಟು ಬಿದ್ದ ದಿನ ನಾನು ಹಾಕಿಕೊಳ್ಳಬೇಕಾದ ಜೋಡಿ, ಸೈಜು ಆರು. ಬಷೀರಣ್ಣ ಡಬ್ಬ ಇಳಿಸಿ ಮುಚ್ಚಳ ತೆಗೆದರು. ಅದೇ ವಾಸನೆ ಘಮ್ಮೆಂದಿತು.

"ಇಷ್ಟು ವರ್ಷ ಆದ್ರೂ ಹೊಸದರ ಹಾಗೇ ಇದೆಯಲ್ಲ ಬಷೀರಣ್ಣ?"

"ಎಲ್ಲಿ ಇರುತ್ತೆ ಮಾರಾಯ್ತಿ? ಇಟ್ಟಲ್ಲೇ ಇಟ್ರೆ ರಬ್ಬರ್ ಗಟ್ಟಿ ಆಗುತ್ತೆ, ಅಂಟು ಬಿಡುತ್ತೆ. ವರ್ಷಕ್ಕೊಂದ್ಸಲ ಬದಲಾಯಿಸ್ತೀನಿ. ಇದು ಹೋದ ವಾರ ಇಟ್ಟಿದ್ದು" ಎಂದು ಮುಚ್ಚಳ ಮುಚ್ಚಿ, ಡಬ್ಬವನ್ನು ಮತ್ತೆ ಅದೇ ಅರೆಯಲ್ಲಿ ಇಟ್ಟರು.